ಮರಣದಂಡನೆಯ ವಿಷಯವಾಗಿ ಒಂದು ಪಾಠ



ಶಾಲೆಯ ಸ್ಮರಣ ಸಂಚಿಕೆಗಳಲ್ಲಿ ವಿದ್ಯೆಯ ಮಹಿಮೆ, ಶಿಸ್ತಿನ ಪ್ರಯೋಜನ, ಗೃಹಕೃತ್ಯದ ಕ್ರಮ ಮುಂತಾದ ವಿಷಯಗಳು ವಿವರಿಸಲ್ಪಡುವುದು ವಾಡಿಕೆ. ಈ ಸಾರಿ ನಾವು ಆರಿಸಿಕೊಂಡ ವಿಷಯವು ಅಷ್ಟು ಸೌಮ್ಯವಾದುದಲ್ಲ. ಆದರೂ ಇದನ್ನು ಆರಿಸಿಕೊಳ್ಳುವುದಕ್ಕೆ ಕಾರಣವುಂಟು. ಎಲ್ಲಿಯಾದರೂ ಒಬ್ಬ ಹೆಣ್ಣುಮಗುವಿನ ಮೇಲೆ ಘೋರವಾದ ಅನ್ಯಾಯ ನಡೆದ ವರ್ತಮಾನವು ಪತ್ರಿಕೆಯಲ್ಲಿ ಬಂದ ದಿನ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಮಕ್ಕಳನ್ನು ನೋಡಲು ಬರುವ ತಂದೆತಾಯಿಗಳ ಬಾಯಲ್ಲಿ ನಾವು ಕೇಳುವ ಮಾತು ಒಂದೇ: ಅಂಥವನನ್ನು ಗಲ್ಲಿಗೆ ಹಾಕಬೇಕು. ಅದೇ ವಾರದಲ್ಲಿ ಪೌರನೀತಿಯ ಪಾಠದ ಹೊತ್ತಿಗೆ ಮೇಲಿನ ತರಗತಿಯ ಹುಡುಗಿಯರು ಬೇರೊಂದು ಪ್ರಶ್ನೆಯನ್ನು ಎತ್ತುತ್ತಾರೆ: ಕೊಲ್ಲಬಾರದೆಂದು ವಿಧಿಸುವ ಸರಕಾರವು ತಾನೇ ಕೊಲ್ಲಬಹುದೇ? ತಂದೆತಾಯಿಗಳ ಮಾತೂ ಮಕ್ಕಳ ಪ್ರಶ್ನೆಯೂ ಹಗುರವಾದುವಲ್ಲವಾದುದರಿಂದ, ಈ ದಂಡನೆಯ ಚರಿತ್ರೆಯನ್ನೂ ಅದರ ಕುರಿತಾದ ವಾದವನ್ನೂ ನಾವು ತಿಳಿದಷ್ಟರ ಮಟ್ಟಿಗೆ ಇಲ್ಲಿ ಬರೆಯುತ್ತೇವೆ.

ಚರಿತ್ರೆಯನ್ನು ಹುಡುಕಿಕೊಂಡು ದೂರದೇಶಕ್ಕೆ ಹೋಗಬೇಕಾದುದಿಲ್ಲ. ನಮ್ಮ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕ ಚಕ್ರವರ್ತಿಯ ಶಿಲಾಶಾಸನಗಳಿರುವುವು. 1892ರಲ್ಲಿ ಬಿ. ಎಲ್. ರೈಸ್ ಎಂಬ ವಿದ್ವಾಂಸರು ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲ ಎಂಬ ಪಟ್ಟಣದ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆಯೇ ಈ ಶಾಸನ. ತಾಯಿತಂದೆಗಳ ಮಾತನ್ನು ಕೇಳತಕ್ಕದ್ದು, ಜೀವಿಗಳಲ್ಲಿ ದಯೆಯಿಡತಕ್ಕದ್ದು, ಸತ್ಯವನ್ನು ನುಡಿಯತಕ್ಕದ್ದು, ಶಿಷ್ಯನು ಆಚಾರ್ಯನನ್ನು ಗೌರವಿಸತಕ್ಕದ್ದು ಎಂಬಿವು ಅದರ ತಾತ್ಪರ್ಯ. (ಕೊನೆಯ ವಿಧಿಯನ್ನು ನಾವು ಪ್ರತಿವರ್ಷವೂ ಮಕ್ಕಳಿಗೆ ಸ್ವಲ್ಪ ಒತ್ತಿಯೇ ಹೇಳುತ್ತೇವೆ.)

ಜೀವಿಗಳಲ್ಲಿ ಇಷ್ಟು ದಯೆಯನ್ನು ಬೋಧಿಸಿದ ದೊರೆಯು ಮರಣದಂಡನೆಯನ್ನು ತೆಗೆದುಹಾಕಿರಬೇಕೆಂದು ಅನೇಕರು ಊಹಿಸುತ್ತಾರೆ. ಅದು ಹಾಗಲ್ಲ. ಅಶೋಕನ ನಾಲ್ಕನೆಯ ಸ್ತಂಭಶಾಸನವು ಅವನ ಪಟ್ಟಾಭಿಷೇಕವಾಗಿ 26 ವರ್ಷಗಳ ತರುವಾಯ ಬರೆಯಿಸಲ್ಪಟ್ಟಿತು. ಅದು ನಮ್ಮ ಸೀಮೆಯಲ್ಲಿಲ್ಲ, ಉತ್ತರದೇಶದ ಕಲ್ಲುಕಂಬಗಳ ಮೇಲಿದೆ. ಮರಣಶಿಕ್ಷೆಯು ನಿರ್ಣಯವಾಗಿ ಸೆರೆಯಲ್ಲಿರುವವರಿಗೆ ಮೂರು ದಿನಗಳ ಅವಕಾಶವನ್ನು ಕೊಡತಕ್ಕದ್ದೆಂದೂ, ಆ ಮೂರು ದಿನಗಳಲ್ಲಿ ಅವರ ಬಂಧುಗಳು ಅಧಿಕಾರಿಗಳಲ್ಲಿ ಬಿನ್ನಹ ಮಾಡಿ ಪ್ರಾಣವನ್ನು ಉಳಿಸಿಕೊಳ್ಳಬಹುದೆಂದೂ, ಬಿನ್ನಹ ಮಾಡುವವರು ಯಾರೂ ಇಲ್ಲದವರು ದಾನವನ್ನೋ ಉಪವಾಸವನ್ನೋ ಆಚರಿಸಿ ಪರಲೋಕಕ್ಕೆ ಸಿದ್ಧರಾಗಬಹುದೆಂದೂ ಅದರಲ್ಲಿ ಹೇಳಿದೆ. ಆದುದರಿಂದ ಗಲ್ಲು ಉಳಿಯಿತು. ಅದರ ಮುಂದೆ ಮೂರು ದಿನ ಮಾತ್ರ ಇಡಲ್ಪಟ್ಟಿತು. ಅದೇ ಶಾಸನದಲ್ಲಿ ವಿಚಾರಣೆಯಲ್ಲಿ ಸಮತೆ, ದಂಡನೆಯಲ್ಲಿ ಸಮತೆ ಇರಬೇಕೆಂಬ ಮಾತೂ ಬಂದಿದೆ. ಒಂದೇ ವಿಧವಾದ ಅಪರಾಧಕ್ಕೆ ಒಂದೂರಿನಲ್ಲಿ ಒಂದು ದಂಡನೆ, ಇನ್ನೊಂದೂರಿನಲ್ಲಿ ಇನ್ನೊಂದು ದಂಡನೆ ಆಗಬಾರದೆಂಬುದು ಇದರ ಅರ್ಥ. ವಾಚಕರು ಈ ಎರಡು ವಿಷಯಗಳನ್ನು, ಎಂದರೆ ಮೂರು ದಿನಗಳ ಅವಕಾಶವನ್ನೂ ದಂಡನೆಯ ಸಮತೆಯನ್ನೂ, ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಎರಡು ಸಾವಿರ ವರ್ಷಗಳಾಚೆಗೆ ನಮ್ಮ ಸುಪ್ರೀಂ ಕೋರ್ಟು ಹೆಣಗಾಡಿದ್ದು ಇವೆರಡರೊಡನೆಯೇ.

ಮಧ್ಯಕಾಲದ ರಾಜ್ಯಗಳ ವಿಷಯವಾಗಿ ಹೆಚ್ಚು ಬರೆಯಬೇಕಾದುದಿಲ್ಲ. ತಲೆದಂಡವೆಂಬ ಪದವು ಕನ್ನಡದಲ್ಲಿ ಇಂದಿಗೂ ಉಳಿದಿರುವುದೇ ಸಾಕಷ್ಟು ಸಾಕ್ಷ್ಯ. ರಾಜದ್ರೋಹಿಗಳನ್ನು ಶೂಲಕ್ಕೇರಿಸುತ್ತಿದ್ದ ಸಂಗತಿಯನ್ನು ವಿಜಯನಗರಕ್ಕೆ ಬಂದ ಪೋರ್ತುಗೀಸ್ ವರ್ತಕನಾದ ನೂನಿಜ್ ಬರೆದಿಟ್ಟಿದ್ದಾನೆ. ಆದರೆ ಒಂದು ಪ್ರಸಂಗವನ್ನು ಮಾತ್ರ ಬಿಡಲಾಗದು. 12ನೆಯ ಶತಮಾನದ ಕಲ್ಯಾಣದಲ್ಲಿ, ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳಿಗೂ ಸಮಗಾರ ಕುಲದ ಹರಳಯ್ಯನ ಮಗನಿಗೂ ವಿವಾಹವಾಯಿತೆಂಬ ಕಾರಣದಿಂದ, ಆ ಇಬ್ಬರು ತಂದೆಯರಿಗೂ ಬಿಜ್ಜಳ ರಾಜನು ಎಳೆಹೂಟೆಯ ಶಿಕ್ಷೆಯನ್ನು ವಿಧಿಸಿದನೆಂದು ಶರಣ ಪರಂಪರೆಯು ಹೇಳುತ್ತದೆ. ಅವರು ಯಾರನ್ನೂ ಕೊಂದಿರಲಿಲ್ಲ. ಮರಣದಂಡನೆಯೆಂಬುದು ಕೊಲೆಗಾರನಿಗಾಗಿಯೇ ಹುಟ್ಟಿದ್ದೆಂದು ತಿಳಿಯುವವರು ಈ ಪ್ರಸಂಗವನ್ನು ಆಲೋಚಿಸಬೇಕು. ಅದು ಬಹುಕಾಲ ಅಧಿಕಾರದ ಆಯುಧವಾಗಿತ್ತು; ಕೊಲೆಗಾರನು ಅದಕ್ಕೆ ಗುರಿಯಾದವರಲ್ಲಿ ಒಬ್ಬನು ಮಾತ್ರ.

ಯೂರೋಪಿನಲ್ಲಿಯೂ ಹೀಗೆಯೇ. 19ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಕಾನೂನು 200ಕ್ಕಿಂತ ಹೆಚ್ಚು ಅಪರಾಧಗಳಿಗೆ ಮರಣವನ್ನು ವಿಧಿಸುತ್ತಿತ್ತು; ಅಂಗಡಿಯಿಂದ ಅಲ್ಪಬೆಲೆಯ ಬಟ್ಟೆಯನ್ನು ಕದ್ದವರೂ, ಕುರಿಯನ್ನು ಕದ್ದವರೂ ಅದರಲ್ಲಿ ಸೇರಿದ್ದರು. 1813ರಲ್ಲಿ ಲಂಡನ್ನಿನ ನ್ಯೂಗೇಟ್ ಸೆರೆಮನೆಯನ್ನು ಪ್ರವೇಶಿಸಿದ ಎಲಿಜಬೆತ್ ಫ್ರೈ ಎಂಬ ಮಹಿಳೆಯು ಅಲ್ಲಿ ಗಲ್ಲಿಗಾಗಿ ಕಾದಿದ್ದ ಸ್ತ್ರೀಯರನ್ನು ಕಂಡು ಈ ಕ್ರಮಕ್ಕೆ ವಿರೋಧವಾಗಿ ಮಾತನಾಡಿದಳು. ಅದಕ್ಕೂ ಮೊದಲೇ, 1764ರಲ್ಲಿ, ಇಟಲಿಯ ಬೆಕ್ಕಾರಿಯ ಎಂಬಾತನು ಅಪರಾಧಗಳನ್ನೂ ದಂಡನೆಗಳನ್ನೂ ಕುರಿತು ಒಂದು ಚಿಕ್ಕ ಪುಸ್ತಕವನ್ನು ಬರೆದನು. ಅಪರಾಧವನ್ನು ತಡೆಯುವುದು ದಂಡನೆಯ ಕ್ರೌರ್ಯವಲ್ಲ, ಅದು ತಪ್ಪದೆ ಬರುವುದೆಂಬ ನಿಶ್ಚಯ ಎಂಬುದು ಆತನ ವಾದದ ತಿರುಳು. ಈ ಮಾತಿನ ಸತ್ಯವನ್ನು ಅರಿಯಲು ಉಪಾಧ್ಯಾಯರಿಗೆ ಪುಸ್ತಕವು ಬೇಕಾಗಿಲ್ಲ. ವರ್ಷಕ್ಕೊಮ್ಮೆ ಸಿಡಿಲಿನಂತೆ ಬೀಳುವ ಬೆತ್ತಕ್ಕೆ ಹೆದರದ ತರಗತಿಯು, ಪ್ರತಿದಿನವೂ ತಪ್ಪದೆ ಪರೀಕ್ಷಿಸಲ್ಪಡುವ ಕಾಪಿಪುಸ್ತಕಕ್ಕೆ ಹೆದರುತ್ತದೆ.

1860ರಲ್ಲಿ ಆದ ಭಾರತ ದಂಡಸಂಹಿತೆಯು ಇಂಗ್ಲೆಂಡಿನ ಹಳೆಯ ಕಾನೂನಿಗಿಂತ ಮಿತವಾಗಿತ್ತೆಂಬುದನ್ನು ಒಪ್ಪಲೇಬೇಕು. ಕೊಲೆ, ರಾಜ್ಯದ ಮೇಲೆ ಯುದ್ಧ, ಕೊಲೆಯೊಡನೆ ಕೂಡಿದ ದರೋಡೆ ಮುಂತಾದ ಕೆಲವೇ ಅಪರಾಧಗಳಿಗೆ ಅದು ಮರಣವನ್ನು ವಿಧಿಸಿತು. ಅದರ 194ನೆಯ ಕಲಮಿನಲ್ಲಿ ಒಂದು ವಿಚಿತ್ರವಾದ ವಿಧಿಯಿತ್ತು: ಯಾವನಾದರೂ ಸುಳ್ಳುಸಾಕ್ಷಿ ಹೇಳಿ, ಅದರಿಂದ ನಿರಪರಾಧಿಯಾದ ಒಬ್ಬನು ಗಲ್ಲಿಗೇರಿಸಲ್ಪಟ್ಟರೆ, ಆ ಸಾಕ್ಷಿಗಾರನಿಗೂ ಮರಣದಂಡನೆಯನ್ನು ವಿಧಿಸಬಹುದು. 2024ರ ಜುಲೈ 1ರಿಂದ ಹಳೆಯ ಸಂಹಿತೆಯ ಸ್ಥಾನದಲ್ಲಿ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ವಿಧಿಯು ಇದೆ. ನಿರಪರಾಧಿಯನ್ನು ಗಲ್ಲಿಗೆ ಹಾಕುವ ಸಂಭವವುಂಟೆಂಬುದನ್ನು ಕಾನೂನು ತಾನೇ ಮೊದಲಿನಿಂದಲೂ ಲೆಕ್ಕಕ್ಕೆ ತೆಗೆದುಕೊಂಡಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಒಪ್ಪಿಗೆ ಬೇಕೇ?

ಇನ್ನು ನಮ್ಮ ನೆರೆಯ ಸೀಮೆಯ ಒಂದು ಕಥೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರು ಎಂಬ ಗ್ರಾಮವು 1942ರ ಸೆಪ್ಟೆಂಬರಿನಲ್ಲಿ ತಾನು ಸ್ವತಂತ್ರವೆಂದು ಸಾರಿಕೊಂಡಿತು. ಗ್ರಾಮಸ್ಥರು ಚಿಕ್ಕ ಹುಡುಗರನ್ನೇ ಅಮಲ್ದಾರರನ್ನಾಗಿಯೂ ಸಬ್ ಇನ್ಸ್‌ಪೆಕ್ಟರರನ್ನಾಗಿಯೂ ನೇಮಿಸಿಕೊಂಡು ತಮ್ಮದೇ ಸರಕಾರವನ್ನು ನಡೆಸಿದರು. ಏಸೂರು ಕೊಟ್ಟರೂ ಈಸೂರು ಕೊಡೆವೆಂಬ ಘೋಷಣೆಯನ್ನು ನಮ್ಮ ಜಿಲ್ಲೆಯ ಹಿರಿಯರೂ ಬಲ್ಲರು. ಆ ತಿಂಗಳ ಕೊನೆಯಲ್ಲಿ ನಿಜವಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಪೊಲೀಸರೊಡನೆ ಗ್ರಾಮಕ್ಕೆ ಬಂದರು. ಅವರು ಗಾಂಧಿಟೋಪಿಯನ್ನು ಧರಿಸಬೇಕೆಂದು ಜನರು ಹಟಹಿಡಿದರು, ಗುಂಡು ಹಾರಿತು, ರೊಚ್ಚಿಗೆದ್ದ ಜನರ ಕೈಯಲ್ಲಿ ಆ ಅಧಿಕಾರಿಗಳಿಬ್ಬರೂ ಹತರಾದರು. ಆಮೇಲೆ ಸೈನ್ಯವು ಬಂದಿತು, ಜನರು ಕಾಡಿಗೆ ಓಡಿದರು, ಮನೆಗಳು ಸೂರೆಯಾದುವು. ವಿಚಾರಣೆಯು ನಡೆದು, 1943ರ ಮಾರ್ಚ್ 8, 9, 10ನೆಯ ತಾರೀಖುಗಳಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಎಂಬ ಐವರು ಗಲ್ಲಿಗೇರಿಸಲ್ಪಟ್ಟರು.

ನಾಲ್ಕೂವರೆ ವರ್ಷಗಳಲ್ಲಿ ದೇಶವು ಸ್ವತಂತ್ರವಾಯಿತು. ನ್ಯಾಯಸ್ಥಾನವು ಕೊಲೆಗಾರರೆಂದು ಕರೆದವರನ್ನು ಜನರೂ ಸರಕಾರವೂ ಹುತಾತ್ಮರೆಂದು ಕರೆದು ಸ್ಮಾರಕವನ್ನು ನಿಲ್ಲಿಸಿದರು. ಅದೇ ಮೊಕದ್ದಮೆಯಲ್ಲಿ ಜೀವಾವಧಿ ಸೆರೆಗೆ ಗುರಿಯಾದವರು ಬದುಕಿದ್ದು ಹೊರಗೆ ಬಂದರು. ಐವರಿಗೆ ಮಾತ್ರ ಯಾವ ಬಿಡುಗಡೆಯೂ ತಲುಪಲಾರದಾಗಿತ್ತು. ಇಲ್ಲಿ ನಾವು ಇನ್ನೊಂದು ಮಾತನ್ನೂ ಸೇರಿಸಬೇಕು. ಹತರಾದ ಅಧಿಕಾರಿಗಳಿಬ್ಬರೂ ಕನ್ನಡಿಗರೇ. ಅವರಿಗೂ ಮನೆಮಂದಿ ಇದ್ದರು. ಮಕ್ಕಳಿಗೆ ಈಸೂರಿನ ಕಥೆಯನ್ನು ಹೇಳುವಾಗ ಆ ಎರಡು ಮನೆಗಳನ್ನು ಮರೆಯುವ ಪದ್ಧತಿಯು ನಮಗೆ ಸರಿಯೆಂದು ತೋರುವುದಿಲ್ಲ. ಈ ಕಥೆಯಿಂದ ಐವರೂ ನಿರ್ದೋಷಿಗಳೆಂದು ಸಿದ್ಧವಾಗುವುದಿಲ್ಲ; ಒಂದು ಕಾಲದ ತೀರ್ಪನ್ನು ಇನ್ನೊಂದು ಕಾಲವು ತಿರುಗಿಸಬಹುದು, ಹಗ್ಗವನ್ನು ಮಾತ್ರ ತಿರುಗಿಸಲಾಗದು ಎಂಬಷ್ಟೇ ಸಿದ್ಧವಾಗುತ್ತದೆ.

ಮರುವರ್ಷವೇ, ಎಂದರೆ 1944ರಲ್ಲಿ, ತಿರುವಾಂಕೂರು ಸಂಸ್ಥಾನವು ಮರಣದಂಡನೆಯನ್ನು ಬಹುಮಟ್ಟಿಗೆ ರದ್ದುಪಡಿಸಿತು. ಭಾರತದ ಸಂವಿಧಾನಸಭೆಯಲ್ಲಿ 1949ರ ಜೂನ್ 3ರಂದು ಡಾ. ಬಿ. ಆರ್. ಅಂಬೇಡ್ಕರರು, ಗಲ್ಲಿನ ಶಿಕ್ಷೆಗೊಳಗಾದವರಿಗೆ ಸುಪ್ರೀಂ ಕೋರ್ಟಿಗೆ ಹೋಗುವ ಅಧಿಕಾರವನ್ನು ಕೊಡಬೇಕೇ ಎಂಬ ಚರ್ಚೆಯ ನಡುವೆ, ಆ ಶಿಕ್ಷೆಯನ್ನೇ ತೆಗೆದುಹಾಕುವುದು ಮೇಲೆಂಬ ತಮ್ಮ ಅಭಿಪ್ರಾಯವನ್ನು ಸೂಚಿಸಿದರು. ಸಭೆಯು ಆ ದಾರಿಯನ್ನು ಹಿಡಿಯಲಿಲ್ಲ. ಸಂವಿಧಾನದ 72 ಮತ್ತು 161ನೆಯ ಅನುಚ್ಛೇದಗಳಲ್ಲಿ ರಾಷ್ಟ್ರಪತಿಗೂ ರಾಜ್ಯಪಾಲರಿಗೂ ಕ್ಷಮಾಧಿಕಾರವು ಕೊಡಲ್ಪಟ್ಟಿತು.

ಆ ಮೇಲಣ ಬದಲಾವಣೆಯು ನಿಧಾನವಾದುದು, ಆದರೆ ದೊಡ್ಡದು. 1955ರ ವರೆಗೆ, ಕೊಲೆಯ ಮೊಕದ್ದಮೆಯಲ್ಲಿ ಮರಣದಂಡನೆಯನ್ನು ಕೊಡದೆ ಬಿಟ್ಟ ನ್ಯಾಯಾಧೀಶರು ಏಕೆ ಕೊಡಲಿಲ್ಲವೆಂಬುದಕ್ಕೆ ಕಾರಣವನ್ನು ಬರೆಯಬೇಕಾಗಿತ್ತು. 1973ರ ದಂಡಪ್ರಕ್ರಿಯಾ ಸಂಹಿತೆಯು ಇದನ್ನು ಪೂರ್ತಿಯಾಗಿ ತಿರುವಿಹಾಕಿತು: ಮರಣದಂಡನೆಯನ್ನು ಕೊಡುವವರೇ ವಿಶೇಷ ಕಾರಣಗಳನ್ನು ಬರೆಯತಕ್ಕದ್ದು. 1980ರಲ್ಲಿ ಬಚನ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಈ ದಂಡನೆಯು ಸಂವಿಧಾನಕ್ಕೆ ವಿರುದ್ಧವಲ್ಲವೆಂದರು. ಆದರೆ ವಿರಳಾತಿವಿರಳವಾದ ಪ್ರಸಂಗದಲ್ಲಿ, ಬೇರೆ ದಾರಿಯೇ ಇಲ್ಲವೆಂದು ನಿಶ್ಚಯವಾದಲ್ಲಿ ಮಾತ್ರ ವಿಧಿಸಬೇಕೆಂದರು. ಭಿನ್ನಾಭಿಪ್ರಾಯವನ್ನು ಬರೆದವರು ನ್ಯಾಯಮೂರ್ತಿ ಪಿ. ಎನ್. ಭಗವತಿಯವರು. ಒಂದೇ ವಿಧವಾದ ಕೃತ್ಯಕ್ಕೆ ಯಾವ ನ್ಯಾಯಾಧೀಶರ ಮುಂದೆ ವಿಚಾರಣೆಯಾಯಿತೆಂಬುದರ ಮೇಲೆ ಪ್ರಾಣವು ನಿಂತಿರುವುದಾದರೆ ಅದು ಸಮತೆಯಲ್ಲ ಎಂಬುದು ಅವರ ಮುಖ್ಯ ಆಕ್ಷೇಪ. ದಂಡಸಮತೆಯೆಂಬ ಅಶೋಕನ ಮಾತು ಇಲ್ಲಿ ವಾಚಕರಿಗೆ ನೆನಪಾಗಬಹುದು.

ಈ ಆಕ್ಷೇಪವು ಬರಿಯ ತರ್ಕವಲ್ಲವೆಂಬುದನ್ನು ನಮ್ಮ ಜಿಲ್ಲೆಯಲ್ಲಿಯೇ ಹುಟ್ಟಿದವನೊಬ್ಬನ ಮೊಕದ್ದಮೆಯು ತೋರಿಸುತ್ತದೆ. ಬಿ. ಎ. ಉಮೇಶನು ಪೊಲೀಸ್ ನೌಕರಿಯಲ್ಲಿದ್ದವನು. 1998ರ ಫೆಬ್ರವರಿ 28ರಂದು ಬೆಂಗಳೂರಿನ ಮನೆಯೊಂದರಲ್ಲಿ ಒಬ್ಬ ತಾಯಿಯ ಮೇಲೆ ಅತ್ಯಾಚಾರವೆಸಗಿ ಆಕೆಯನ್ನು ಕೊಂದನೆಂಬುದು ನ್ಯಾಯಸ್ಥಾನದಲ್ಲಿ ಸಿದ್ಧವಾಯಿತು. ಆಕೆಯ ಪುಟ್ಟ ಮಗನು ಸಾಕ್ಷಿ ನುಡಿದವರಲ್ಲಿ ಒಬ್ಬನು. ಹೆಣ್ಣುಮಕ್ಕಳ ಶಾಲೆಯನ್ನು ನಡೆಸುವ ನಾವು ಈ ಸಾಲುಗಳನ್ನು ಸುಲಭವಾಗಿ ಬರೆಯಲಾರೆವು. ಆದರೆ ವಾದವನ್ನು ಪರೀಕ್ಷಿಸುವುದಾದರೆ ಅತ್ಯಂತ ಕಠಿಣವಾದ ಪ್ರಸಂಗದಲ್ಲಿಯೇ ಪರೀಕ್ಷಿಸಬೇಕು. 2006ರಲ್ಲಿ ಬೆಂಗಳೂರಿನ ನ್ಯಾಯಸ್ಥಾನವು ಮರಣದಂಡನೆಯನ್ನು ವಿಧಿಸಿತು. ಹೈಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳೂ ಅವನು ಅಪರಾಧಿಯೆಂದು ಒಪ್ಪಿದರು. ಶಿಕ್ಷೆಯ ವಿಷಯದಲ್ಲಿ ಮಾತ್ರ ಒಬ್ಬರು ಮರಣವೆಂದರು, ಇನ್ನೊಬ್ಬರು ಜೀವಾವಧಿಯೆಂದರು. ಮೂರನೆಯವರ ಮುಂದೆ ಇಟ್ಟಾಗ ಅವರು 2009ರಲ್ಲಿ ಮರಣದ ಪಕ್ಷವನ್ನು ಹಿಡಿದರು. ಒಂದೇ ಪೀಠದಲ್ಲಿ ಅಕ್ಕಪಕ್ಕದಲ್ಲಿ ಕುಳಿತು, ಒಂದೇ ಸಾಕ್ಷ್ಯವನ್ನು ಕೇಳಿದ ಇಬ್ಬರು ಪ್ರಾಜ್ಞರು ಹೀಗೆ ಬೇರೆಯಾದರೆ, ವಿರಳಾತಿವಿರಳವೆಂಬ ಅಳತೆಗೋಲು ಎಷ್ಟು ನೆಟ್ಟಗಿದೆಯೆಂದು ಕೇಳುವುದು ಉದ್ಧಟತನವಾಗಲಾರದು.

2011ರಲ್ಲಿ ಸುಪ್ರೀಂ ಕೋರ್ಟು ಮರಣವನ್ನೇ ಸ್ಥಿರಪಡಿಸಿತು. 2013ರಲ್ಲಿ ರಾಷ್ಟ್ರಪತಿಗಳು ಕ್ಷಮಾ ಅರ್ಜಿಯನ್ನು ತಿರಸ್ಕರಿಸಿದರು. ಆದರೂ 2022ರ ನವೆಂಬರ್ 4ರಂದು ಅದೇ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ಕನಿಷ್ಠ 30 ವರ್ಷಗಳ ಸೆರೆವಾಸಕ್ಕೆ ಇಳಿಸಿತು. ಅಪರಾಧವು ಸಣ್ಣದೆಂದಲ್ಲ. ಬೆಳಗಾವಿಯ ಹಿಂಡಲಗಾ ಸೆರೆಮನೆಯಲ್ಲಿ ಅವನನ್ನು 2006ರಿಂದ ಸುಮಾರು ಹತ್ತು ವರ್ಷ ಒಂಟಿಕೋಣೆಯಲ್ಲಿ ಇಟ್ಟಿದ್ದರು. ಕ್ಷಮಾ ಅರ್ಜಿಯ ದಾರಿಯೆಲ್ಲವೂ ಮುಚ್ಚುವ ತನಕ ಖೈದಿಯನ್ನು ಹಾಗೆ ಬೇರ್ಪಡಿಸಕೂಡದೆಂದು 1978ರಲ್ಲಿಯೇ ಸುನಿಲ್ ಬಾತ್ರಾ ಮೊಕದ್ದಮೆಯಲ್ಲಿ ತೀರ್ಮಾನವಾಗಿತ್ತು. ಕಾನೂನನ್ನು ಮೀರಿದವನನ್ನು ಕಾನೂನಿನೊಳಗೇ ದಂಡಿಸತಕ್ಕದ್ದೆಂಬುದು ಈ ತೀರ್ಪಿನ ಅರ್ಥ. ಇದರಿಂದ ಆ ತಾಯಿಯ ಮನೆಯವರಿಗೆ ಸಮಾಧಾನವಾಗಿರುವುದೆಂದು ನಾವು ಹೇಳಲಾರೆವು. 1998ರಿಂದ 2022ರ ವರೆಗೆ 24 ವರ್ಷ! ಇಷ್ಟು ವರ್ಷ ಆ ಮನೆಯು ಪ್ರತಿ ತೀರ್ಪಿಗೂ ಹಳೆಯ ಗಾಯವನ್ನು ಮತ್ತೆ ತೆರೆಯಬೇಕಾಯಿತು. ಜೀವಾವಧಿ ಶಿಕ್ಷೆಯು ಮೊದಲೇ ಆಗಿ, ಬಾಗಿಲು ಮುಚ್ಚಿದ್ದರೆ, ಆ ಮಗನಿಗೆ ಅದೇ ಹೆಚ್ಚು ದಯೆಯಾಗುತ್ತಿತ್ತೆಂದು ನಮಗೆ ತೋರುತ್ತದೆ.

ಹಿಂಡಲಗಾದ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಕರ್ನಾಟಕದಲ್ಲಿ ಕೊನೆಯ ಗಲ್ಲು ನಡೆದದ್ದು ಅಲ್ಲಿಯೇ, 1983ರಲ್ಲಿ. 1993ರ ಪಾಲಾರ್ ಸ್ಫೋಟದ ಮೊಕದ್ದಮೆಯಲ್ಲಿ ವೀರಪ್ಪನ್ನನ ಸಹಚರರೆಂದು ಶಿಕ್ಷಿತರಾದ ನಾಲ್ವರನ್ನು ಅಲ್ಲಿಯೇ ಇಟ್ಟಿದ್ದರು. ಮೈಸೂರಿನ ವಿಶೇಷ ನ್ಯಾಯಸ್ಥಾನವು ಅವರಿಗೆ ಜೀವಾವಧಿಯನ್ನು ವಿಧಿಸಿತ್ತು. 2004ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮರಣಕ್ಕೆ ಏರಿಸಿತು. ಕ್ಷಮಾ ಅರ್ಜಿಯು ಒಂಬತ್ತು ವರ್ಷ ಕಾದು 2013ರಲ್ಲಿ ತಿರಸ್ಕೃತವಾಯಿತು. 2014ರ ಜನವರಿ 21ರಂದು, ಅಷ್ಟು ವಿಳಂಬವೇ ಒಂದು ಹಿಂಸೆಯೆಂದು ಹೇಳಿ, ಸುಪ್ರೀಂ ಕೋರ್ಟು ಅವರನ್ನೂ ಸೇರಿಸಿ 15 ಮಂದಿಯ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಕ್ಷಮೆಯ ಅರ್ಜಿಯು ತಿರಸ್ಕೃತವಾದ ಸಂಗತಿಯನ್ನು ಖೈದಿಗೆ ತಿಳಿಸಿದ ದಿನಕ್ಕೂ ಗಲ್ಲಿನ ದಿನಕ್ಕೂ ನಡುವೆ ಕನಿಷ್ಠ 14 ದಿನಗಳಿರಬೇಕೆಂದು ಆ ತೀರ್ಪಿನಲ್ಲಿ ವಿಧಿಸಲ್ಪಟ್ಟಿತು. ಬಂಧುಗಳನ್ನು ಕಾಣುವುದಕ್ಕೆ, ಮನಸ್ಸನ್ನು ಸಿದ್ಧಪಡಿಸಿಕೊಳ್ಳುವುದಕ್ಕೆ. ಅಶೋಕನ ಮೂರು ದಿನಗಳು ಹದಿನಾಲ್ಕಾದುವು.

ಮರಣದಂಡನೆಯ ಪಕ್ಷದವರ ವಾದವನ್ನು ನಾವು ಕೀಳಾಗಿ ಕಾಣುವುದಿಲ್ಲ. ಕೊಂದವನ ಜೀವಕ್ಕೆ ಇಷ್ಟು ಕಾಗದ, ಇಷ್ಟು ವಕೀಲರು, ಸತ್ತವಳ ಜೀವಕ್ಕೆ ಏನು ಎಂದು ಅವರು ಕೇಳುತ್ತಾರೆ. ಇದು ನ್ಯಾಯವಾದ ಪ್ರಶ್ನೆ. ಜೀವಕ್ಕೆ ಜೀವವೆಂಬ ಭಾವವು ಅನೇಕ ಧರ್ಮಗ್ರಂಥಗಳಲ್ಲಿ ಯಾವುದೋ ರೂಪದಲ್ಲಿ ಇದೆ. ನಮ್ಮ ಸತ್ಯವೇದದ ಆದಿಕಾಂಡದಲ್ಲಿ ರಕ್ತಕ್ಕೆ ರಕ್ತವೆಂಬ ವಿಧಿಯೂ ಉಂಟು. ಅದಕ್ಕೂ ಮೊದಲಿನ ಅಧ್ಯಾಯದಲ್ಲಿ, ತಮ್ಮನನ್ನು ಕೊಂದ ಕಾಯಿನನನ್ನು ಯಾರೂ ಕೊಲ್ಲದಂತೆ ದೇವರು ಅವನಿಗೆ ಗುರುತಿಟ್ಟ ಸಂಗತಿಯೂ ಉಂಟು. ಒಂದನ್ನೇ ಉದ್ಧರಿಸಿ ಇನ್ನೊಂದನ್ನು ಮುಚ್ಚಿಡುವವರು ಎರಡೂ ಪಕ್ಷಗಳಲ್ಲಿದ್ದಾರೆ.

ಆದರೆ ನಮ್ಮನ್ನು ಕೊನೆಗೆ ಈಚೆಯ ಪಕ್ಷಕ್ಕೆ ಒಲಿಸಿದ್ದು ನೆರೆಯ ಮಹಾರಾಷ್ಟ್ರದ ಒಂದು ಮೊಕದ್ದಮೆ. 2003ರಲ್ಲಿ ನಡೆದ ದರೋಡೆ, ಕೊಲೆ, ಅತ್ಯಾಚಾರಗಳ ಸಂಬಂಧವಾಗಿ ಅಲೆಮಾರಿ ಸಮುದಾಯದ ಆರು ಮಂದಿ ಬಡವರು ಹಿಡಿಯಲ್ಪಟ್ಟರು. 2009ರಲ್ಲಿ ಸುಪ್ರೀಂ ಕೋರ್ಟು ಆ ಆರು ಮಂದಿಗೂ ಮರಣವೇ ತಕ್ಕದ್ದೆಂದಿತು. ಹತ್ತು ವರ್ಷಗಳ ಮೇಲೆ, 2019ರ ಮಾರ್ಚಿನಲ್ಲಿ, ಅದೇ ಸುಪ್ರೀಂ ಕೋರ್ಟು ಸಾಕ್ಷ್ಯವನ್ನು ಮತ್ತೆ ನೋಡಿ ಆರು ಮಂದಿಯೂ ನಿರಪರಾಧಿಗಳೆಂದು ಬಿಡುಗಡೆ ಮಾಡಿ, ಪರಿಹಾರವನ್ನು ಕೊಡಿಸಿತು. ಅವರು 16 ವರ್ಷ ಸೆರೆಯಲ್ಲಿದ್ದರು. ಒಬ್ಬನು ಕೃತ್ಯದ ಕಾಲಕ್ಕೆ ಇನ್ನೂ ಬಾಲಕನಾಗಿದ್ದನು. ನಡುವಣ ವರ್ಷಗಳಲ್ಲಿ ಯಾವುದಾದರೊಂದು ದಿನ ಹಗ್ಗವು ಸಿದ್ಧವಾಗಿದ್ದರೆ? ಭಾರತದ ಕಾನೂನು ಆಯೋಗವು 2015ರ ತನ್ನ 262ನೆಯ ವರದಿಯಲ್ಲಿ, ಭಯೋತ್ಪಾದನೆ ಮತ್ತು ರಾಜ್ಯದ ಮೇಲಣ ಯುದ್ಧದ ಅಪರಾಧಗಳನ್ನುಳಿದು ಮಿಕ್ಕೆಲ್ಲಕ್ಕೂ ಈ ದಂಡನೆಯನ್ನು ತೆಗೆಯಬೇಕೆಂದು ಸಲಹೆ ಮಾಡಿತು. ಲೋಕದಲ್ಲಿ 110ಕ್ಕಿಂತ ಹೆಚ್ಚು ದೇಶಗಳು ಇದನ್ನು ಪೂರ್ಣವಾಗಿ ತೆಗೆದುಹಾಕಿವೆ. ನಮ್ಮ ದೇಶವು ತೆಗೆದಿಲ್ಲ. 2020ರ ಮಾರ್ಚ್ 20ರಂದು ದೆಹಲಿಯಲ್ಲಿ ನಾಲ್ವರು ಗಲ್ಲಿಗೇರಿಸಲ್ಪಟ್ಟರು.

ಆ ನಾಲ್ವರ ಅಪರಾಧವು 2012ರ ಡಿಸೆಂಬರಿನದು. ಅದನ್ನು ನಮ್ಮ ವಾಚಕರಲ್ಲಿ ಮರೆತವರಿರಲಾರರು. ಆ ತರುವಾಯ ನೇಮಿಸಲ್ಪಟ್ಟ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿಯು, ದೇಶವೆಲ್ಲಾ ಗಲ್ಲು ಗಲ್ಲೆಂದು ಕೂಗುತ್ತಿದ್ದಾಗಲೇ, ಅತ್ಯಾಚಾರಕ್ಕೆ ಮರಣದಂಡನೆಯನ್ನು ಶಿಫಾರಸು ಮಾಡಲಿಲ್ಲ. ಆದರೂ 2018ರಲ್ಲಿ, 12 ವರ್ಷಕ್ಕೆ ಕೆಳಗಿನ ಹೆಣ್ಣುಮಗುವಿನ ಮೇಲಣ ಅತ್ಯಾಚಾರಕ್ಕೆ ಮರಣವನ್ನೂ ವಿಧಿಸಬಹುದೆಂದು ಶಾಸನವಾಯಿತು. ತಂದೆತಾಯಿಗಳು ಇದನ್ನು ಕೇಳಿ ಸಮಾಧಾನಪಟ್ಟರು. ಶಾಲೆಯಲ್ಲಿರುವ ನಮಗೆ ಅಷ್ಟು ಸಮಾಧಾನವಾಗಲಿಲ್ಲ. ಕೊಂದರೂ ಗಲ್ಲು, ಕೊಲ್ಲದೆ ಬಿಟ್ಟರೂ ಗಲ್ಲೆಂದಾದರೆ, ದುಷ್ಟನು ಏಕೈಕ ಸಾಕ್ಷಿಯಾದ ಮಗುವನ್ನು ಏಕೆ ಉಳಿಸುವನು? ಅದಕ್ಕಿಂತಲೂ ದೊಡ್ಡದಾದ ಇನ್ನೊಂದು ಭಯವುಂಟು. ಮಕ್ಕಳಿಗೆ ಇಂಥ ಅನ್ಯಾಯವನ್ನು ಮಾಡುವವರಲ್ಲಿ ಬಹುಪಾಲಿನವರು ಅಪರಿಚಿತರಲ್ಲ. ಮನೆಗೆ ಬರುವವರು, ನೆರೆಯವರು, ಬಂಧುಗಳು. ಹೇಳಿದರೆ ಚಿಕ್ಕಪ್ಪನನ್ನು ಗಲ್ಲಿಗೆ ಹಾಕುವರೇ ಎಂದು ಕೇಳುವ ಮಗುವು, ಹೌದೆಂಬ ಉತ್ತರವನ್ನು ಕೇಳಿದ ಮೇಲೆ ಬಾಯಿ ತೆರೆಯುವುದೇ? ಅದರ ತಾಯಿಯಾದರೂ, ಅತ್ತೆಮಾವಂದಿರ ಮನೆಯಲ್ಲಿ ಬಾಳಬೇಕಾದವಳು, ಠಾಣೆಯ ಮೆಟ್ಟಿಲನ್ನು ಹತ್ತುವಳೇ?

ಈ ಪ್ರಶ್ನೆಯನ್ನು ಪೋಷಕರು ಗಲ್ಲಿನ ಪರವಾಗಿ ಮಾತನಾಡುವ ಮೊದಲು ತಮ್ಮ ಮನೆಯಲ್ಲಿಯೇ ಕೇಳಿಕೊಳ್ಳಬೇಕೆಂದು ಬೇಡುತ್ತೇವೆ. 2012ರ ಪೋಕ್ಸೊ ಕಾಯಿದೆಯ ಪ್ರಕಾರ, ಮಗುವಿನ ಮೇಲೆ ಇಂಥ ಅಪರಾಧವು ನಡೆದ ಸಂಗತಿಯು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಉಪಾಧ್ಯಾಯಿನಿಯರಿಗೂ ತಾಯಂದಿರಿಗೂ ಇದರಲ್ಲಿ ಭೇದವಿಲ್ಲ. ಮಗುವೇ ಮಾತನಾಡಬಯಸಿದರೆ 1098 ಎಂಬ ದೂರವಾಣಿ ಸಂಖ್ಯೆಯು ಹಗಲೂ ರಾತ್ರಿಯೂ ತೆರೆದಿದೆ. ಹಿರಿಯೂರಿನಿಂದಲೋ ಹೊಳಲ್ಕೆರೆಯಿಂದಲೋ ಬಂದು ನಮ್ಮ ವಿದ್ಯಾರ್ಥಿನಿಲಯದಲ್ಲಿ ಇಳಿಯುವ ಪ್ರತಿ ಹೊಸ ಹುಡುಗಿಗೂ ಮೊದಲ ವಾರದಲ್ಲಿಯೇ ಆ ಸಂಖ್ಯೆಯನ್ನು ಬಾಯಿಪಾಠ ಮಾಡಿಸುತ್ತೇವೆ. ತಮ್ಮ ಮನೆಯ ಇತರ ಮಕ್ಕಳಿಗೂ, ಗಂಡುಮಕ್ಕಳಿಗೂ ಸಹ, ಅದನ್ನು ಕಲಿಸಬೇಕೆಂದು ಕೋರುತ್ತೇವೆ.